ಪಂಪ್‌ಸೆಟ್ಟಿನ ಒಡೆಯನನ್ನೂ ಕೇಳಿ

ಐದು ಎಚ್‌ಪಿ ಪಂಪ್‌ಸೆಟ್ಟು ಓಡಲು ಸುಮಾರು 3.7 ಕಿಲೋವ್ಯಾಟ್ ಬೇಕು. ಅಂಥ 2.8 ಲಕ್ಷ ಪಂಪುಗಳನ್ನು ಒಟ್ಟಿಗೆ ನಿಲ್ಲಿಸಿದರೆ, 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ಪೂರ್ತಿ ಬಲದಲ್ಲಿ ಕೊಡುವಷ್ಟು ಕರೆಂಟು ಉಳಿಯುತ್ತದೆ. ಕರ್ನಾಟಕದಲ್ಲಿರುವ ನೀರಾವರಿ ಪಂಪ್‌ಸೆಟ್ಟುಗಳೋ 30 ಲಕ್ಷಕ್ಕೂ ಹೆಚ್ಚು. ಹೀಗೆ ಚದುರಿದ ಚಾವಣಿಯ ಸೋಲಾರ್, ಮನೆಯ ಬ್ಯಾಟರಿಗಳನ್ನೆಲ್ಲ ಪೋಣಿಸಿ ಒಂದೇ ವಿದ್ಯುತ್ ಸ್ಥಾವರದಂತೆ ನಡೆಸುವ ಕೆಲಸ ಜರ್ಮನಿಯಲ್ಲೂ ದಕ್ಷಿಣ ಆಸ್ಟ್ರೇಲಿಯಾದಲ್ಲೂ ನಡೆದಿದೆ. ನಮ್ಮಲ್ಲಿ ಅದು ಶುರುವಾಗಬೇಕಾದದ್ದು ಪಂಪ್‌ಸೆಟ್ಟಿನಿಂದ.

ಉತ್ಪಾದನೆ, ಬಳಕೆ ಎರಡೂ ಕ್ಷಣಕ್ಷಣಕ್ಕೂ ಸರಿತೂಗಿದರೆ ಮಾತ್ರ ಜಾಲದ ಫ್ರೀಕ್ವೆನ್ಸಿ 50 ಹರ್ಟ್ಸ್ ಸುತ್ತ ನಿಲ್ಲುತ್ತದೆ. ಪಾವಗಡದ ಸೋಲಾರ್ ಪಾರ್ಕಿನ ಮೇಲೆ ಬಿಸಿಲು ಮಧ್ಯಾಹ್ನ ಸುರಿಯುತ್ತದೆ, ಊರಿನ ದೀಪ ಹತ್ತುವುದು ಸಂಜೆ. ಹಾಗಾಗಿ ಎಷ್ಟು ಯೂನಿಟ್ ಎನ್ನುವಷ್ಟೇ ಯಾವ ಹೊತ್ತಿನದು ಎನ್ನುವುದೂ ಮುಖ್ಯ.

ಈ ಹೊತ್ತಿನ ಲೆಕ್ಕವನ್ನು ನಮ್ಮ ವಿದ್ಯುತ್ ವ್ಯವಸ್ಥೆ ಎಂದಿನಿಂದಲೂ ರೈತನ ಮೇಲೆ ಹೊರಿಸಿದೆ. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ. ಯಾವಾಗ ಎಂಬುದು ಜಾಲದ ಅನುಕೂಲ. ಪಾಳಿ ರಾತ್ರಿ ಬಂದರೆ ಟಾರ್ಚ್ ಹಿಡಿದು ಹಾವು ಹರಿದಾಡುವ ಬದುವಿನ ಮೇಲೆ ನಡೆಯಬೇಕು. ಅದಕ್ಕೇ ಆಟೋ ಸ್ಟಾರ್ಟರ್ ಹಾಕಿಸುತ್ತಾರೆ. ಕರೆಂಟು ಬಂದದ್ದೇ ತಡ, ಒಂದು ಟಿಸಿಯ (ಟ್ರಾನ್ಸ್‌ಫಾರ್ಮರ್) ಮೇಲಿನ ಮೋಟಾರುಗಳೆಲ್ಲ ಒಂದೇ ಏಟಿಗೆ ಎದ್ದು ಕೂರುತ್ತವೆ. ಶುರುವಾಗುವಾಗ ಮೋಟಾರು ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು. ಟಿಸಿ ಸುಡದೆ ಇನ್ನೇನಾದೀತು? ಬೇರೆ ಟಿಸಿ ಬರುವಷ್ಟರಲ್ಲಿ ಟೊಮೆಟೊ ಬಾಡಿರುತ್ತದೆ. ಲಕ್ಷಾಂತರ ಪಂಪುಗಳನ್ನು ಒಂದೇ ಸ್ವಿಚ್ಚಿಗೆ ಕಟ್ಟಿದ್ದೇವೆ, ಒಡೆಯನನ್ನು ಕೇಳದೆ. ಇದು ಅನ್ಯಾಯ, ಜಾಲಕ್ಕೂ ನಷ್ಟ.

ಕೇಳಿ ಕೂಡಿಸಿದರೆ ಏನಾಗುತ್ತದೆಂದು ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ತೋರಿಸಿದೆ. ಅಮುಲ್ ಹುಟ್ಟಿದ ಸೀಮೆಯ ಆ ಹಳ್ಳಿಯಲ್ಲಿ 2016ರಲ್ಲಿ ಆರು ರೈತರು ಸೌರ ಪಂಪುಗಳ ಸಹಕಾರ ಸಂಘ ಕಟ್ಟಿದರು. ಡೇರಿಗೆ ಹಾಲು ಹಾಕುವಂತೆ ಹೊಲಕ್ಕೆ ಬಳಸಿ ಮಿಕ್ಕ ಕರೆಂಟನ್ನು ಸಂಘಕ್ಕೆ ಹಾಕಿದರು. ವಿತರಣಾ ಕಂಪನಿ ಒಂದೇ ಮೀಟರಿನಲ್ಲಿ ಅಳೆದು ಯೂನಿಟ್ಟಿಗೆ 4.63 ರೂಪಾಯಿಯಂತೆ ಕೊಂಡಿತು. ಮಾರಿದರೆ ದುಡ್ಡು ಬರುತ್ತದೆಂದಾದಾಗ ಸುಮ್ಮನೆ ನೀರೆತ್ತುವ ಮನಸ್ಸಾಗದು. ಅಂತರ್ಜಲಕ್ಕೂ ಉಸಿರು ಸಿಗುತ್ತದೆ. ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಪುಕ್ಕಟೆ. ಉಳಿಸಿದವನ ಕೈಗೆ ಬರುವುದೇನೂ ಇಲ್ಲ.

ಬೆಳೆಗೆ ನೀರು ಬೇಕಾದಾಗ ಪಂಪು ನಿಲ್ಲಿಸಲು ಯಾರು ಒಪ್ಪುತ್ತಾರೆ ಎಂಬ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಜಾಲಕ್ಕೆ ಬೇಕಿರುವುದು ಬಹುಪಾಲು ಸಂಜೆಯ ಕೆಲವು ತಾಸುಗಳ ಬಿಡುವು. ಹಗಲಲ್ಲಿ ಖಾತರಿಯಾಗಿ ತ್ರೀ ಫೇಸ್ ಸಿಕ್ಕರೆ ಸಂಜೆಯ ಆ ಹೊತ್ತು ರೈತನಿಗೇ ಬೇಡ. ಅದರ ಮೇಲೂ ನಿಲ್ಲಿಸಬೇಕಾಗಿ ಬಂದರೆ ಮುಂಚೆ ತಿಳಿಸಬೇಕು. ನಿಂತಷ್ಟು ಹೊತ್ತಿಗೆ ದುಡ್ಡು ಖಾತೆಗೆ ಬೀಳಬೇಕು. ಕಾಯಿ ಕಟ್ಟುವ ವಾರದಲ್ಲಿ ‘ಈ ಸಲ ಆಗೋದಿಲ್ಲ’ ಎನ್ನುವ ಹಕ್ಕು ಅವನಿಗಿರಬೇಕು. ಕಂಪನಿಯೊಂದು ನಡುವೆ ನಿಂತು ಒಬ್ಬೊಬ್ಬನ ಸಹಿ ಹಾಕಿಸಿಕೊಂಡರೆ ಈ ಹಕ್ಕು ಕಾಗದದಲ್ಲೇ ಉಳಿದೀತು. ಪಂಪುಗಳಿಗೆ ಕರೆಂಟು ತರುವ ಫೀಡರಿಗೊಂದು ರೈತರ ಸಂಘವಿದ್ದರೆ ವಿತರಣಾ ಕಂಪನಿಯಾದ ಎಸ್ಕಾಂ ಜೊತೆ ದರ ಮಾತಾಡಬಹುದು.