ಕಳಿಸುವ ಮುನ್ನ ಒತ್ತಕ್ಷರ ನೋಡಿ



ನಮ್ಮ ಶಾಲೆಯ ದೊಡ್ಡ ಮಕ್ಕಳಲ್ಲಿ ಕೆಲವರು ಡಿಸೈನ್ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದೀರಿ. ಅಲ್ಲಿ ಅಂಕಗಳಷ್ಟೇ ಮುಖ್ಯವಾದದ್ದು ಪೋರ್ಟ್‌ಫೋಲಿಯೊ. ಕಳೆದ ವರ್ಷ ನನ್ನ ಮಗಳು ತನ್ನದರಲ್ಲಿ ರಾಜ್ಯೋತ್ಸವದ ಪೋಸ್ಟರನ್ನೂ ಸೇರಿಸಿದಳು. ಕೊನೆಯ ಫೈಲ್ ತೆರೆದರೆ ‘ಕನ್ನಡ’ ಹೋಗಿ ‘ಕನ್‌ನಡ’ ಆಗಿತ್ತು! ಪುಟ ಜೋಡಿಸುವ ತಂತ್ರಾಂಶದಲ್ಲಿ ಭಾರತೀಯ ಲಿಪಿಯ ಸೆಟ್ಟಿಂಗ್ ಹಾಕಿರಲಿಲ್ಲ, ಅಷ್ಟೇ. ಆದರೆ ಕಾಲೇಜಿನವರಿಗೆ ಕನ್ನಡ ಬಾರದು, ಆ ತಪ್ಪು ಅವರಿಗೆ ಕಾಣುವುದೇ ಇಲ್ಲ. ಹಿಡಿಯಬೇಕಾದವರು ನಾವೇ.

ಒಂದೇ ಫೈಲನ್ನು ಎಲ್ಲ ಕಡೆಗೂ ಕಳಿಸಿದರೆ ಸಾಲದು. ಪಿಡಿಎಫ್ ಆದರೆ ಫಾಂಟನ್ನು ಅದರೊಳಗೇ ಸೇರಿಸಿ. ವೆಬ್‌ಸೈಟ್ ಆದರೆ ಯೂನಿಕೋಡ್ ಬಳಸಿ. ಫೋನಿನಲ್ಲಿ ಪೋಸ್ಟರಿನ ಸಣ್ಣ ಅಕ್ಷರ ಇರುವೆಯಂತೆ ಕಾಣುತ್ತದೆ, ಆ ಭಾಗದ ದೊಡ್ಡ ಚಿತ್ರವನ್ನು ಬೇರೆಯಾಗಿ ಕೊಡಿ. ವಿಡಿಯೊದಲ್ಲಿ ಓದಿ ಮುಗಿಸುವಷ್ಟು ಹೊತ್ತು ಅಕ್ಷರ ನಿಲ್ಲಲಿ. ಮೂಲ ಫೈಲುಗಳನ್ನೂ ಜೋಪಾನ ಮಾಡಿ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಂತಾಗ, ಅದರಲ್ಲಿ ಮಾಡಿದ ಎಷ್ಟೋ ಕೆಲಸಗಳು ಬ್ರೌಸರಿನಲ್ಲಿ ತೆರೆಯದಾದವು.

“ಇಷ್ಟೆಲ್ಲ ತಾಪತ್ರಯ ಯಾಕೆ, ಕನ್ನಡದ್ದನ್ನು ಬಿಟ್ಟುಬಿಡು” ಎನ್ನುವವರೂ ಇದ್ದಾರೆ. ಬಿಡಬೇಡಿ. ನೂರು ಅರ್ಜಿಗಳ ನಡುವೆ ನಿಮ್ಮದೇ ಎನ್ನುವಂಥದ್ದು ಅದೊಂದೇ ಇರಬಹುದು. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲಿನ ವಿವರಣೆ ಬರೆಯಿರಿ. ಕಳಿಸುವ ಮುನ್ನ ಅಜ್ಜಿಗೋ ನಮ್ಮ ಟೀಚರಿಗೋ ಒಮ್ಮೆ ತೋರಿಸಿ. ಅವರು ತಡವರಿಸದೆ ಓದಿದರೆ, ಧೈರ್ಯವಾಗಿ ಕಳಿಸಿ.