ನೆರಳಿಗೆ ಹಾಜರಿ

ನಮ್ಮ ಹಿರೀಕರ ನೆರಳು ಬಿದ್ದರೂ ಮೈಲಿಗೆ ಅಂದವರ ನಾಡಿದು. ಈಗ ಸರ್ಕಾರಕ್ಕೆ ನಮ್ಮ ಮೈ ಬ್ಯಾಡ, ನೆರಳೇ ಬೇಕು!

ದೇವದುರ್ಗ, ಮಾನ್ವಿ ಸೀಮೆಯಲ್ಲಿ ಉದ್ಯೋಗ ಖಾತ್ರಿ ಅಂದ್ರೆ ಬ್ಯಾಸಗಿ ಬಿಸಲಾಗ ಕೆರಿ ಹೂಳೆತ್ತೋದು, ಬದು ಹಾಕೋದು. ಬೆಂಗಳೂರಿಗೆ ಗುಳೆ ಹೋಗದಂಗ ಹಿಡಿದಿಡೋ ಅಷ್ಟಿಷ್ಟು ಕೂಲಿ. 2023ರ ಜನವರಿ 1ರಿಂದ ಆ ಕೂಲಿಯನ್ನು ಎನ್‌ಎಂಎಂಎಸ್ ಎಂಬ ಮೊಬೈಲ್ ಆ್ಯಪ್‌ಗೆ ಕಟ್ಟಿಹಾಕಿದರು. ದಿನಕ್ಕೆ ಎರಡು ಫೋಟೊ, ಅದರೊಳಗೆ ಹೊತ್ತಿನ ಗುರುತು, ಜಾಗದ ಗುರುತು. ಪುಟ್ಟಿ ಹೊತ್ತ ತಲೆ, ಅಗೆದ ಮಣ್ಣು ಕಣ್ಣೆದುರೇ ಇದ್ದರೂ, ಮೇಟ್‌ನ ಮೊಬೈಲಿಗೆ ಸಿಗ್ನಲ್ ಸಿಗದೆ ಫೋಟೊ ಏರದಿದ್ದರೆ ಹಾಜರಿಗೆ ಕುತ್ತು. ನಿಂತವಳು ನಿಂತೇ ಇಲ್ಲ! ಇದಕ್ಕೆ ಪಾರದರ್ಶಕತೆ ಅಂತಾರ. ಗುತ್ತಿಗೆದಾರನ ಮುಖಕ್ಕೆ ದಿನಕ್ಕೆರಡು ಸಲ ಯಾರಾದರೂ ಮೊಬೈಲ್ ಹಿಡಿದಾರೇನು?

ಕಳ್ಳತನವಾದರೂ ನಿಂತಿತೇ? 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆದು ಒಪ್ಪಿಕೊಂಡಿತು: ಫೋಟೊದ ಫೋಟೊ ಹೊಡೆದು ಏರಿಸುತ್ತಿದ್ದಾರೆ. ಇಲ್ಲದವರ ನೆರಳಿಗೆ ಹಾಜರಿ, ಇದ್ದವರ ಮೈಗೆ ಗೈರು. ಅದೇ ಡಿಸೆಂಬರ್‌ನಲ್ಲಿ ಹೊಸ ಕಾಯ್ದೆ ಬಂತು. ಹೆಸರಿನಿಂದ ಗಾಂಧಿ ಹೋದರು (ಅದಕ್ಕೆ ನಾವು ಅಳಬೇಕಿಲ್ಲ), ಜಿಪಿಎಸ್, ಬಯೋಮೆಟ್ರಿಕ್ ಕಾಯ್ದೆಯೊಳಗೇ ಬಂದು ಕುಂತವು.

ಗೆಳೆಯರೇ, ನಾವು ಮೊಬೈಲ್ ವಿರೋಧಿಗಳಲ್ಲ. ನಮ್ಮ ಹಾಡು, ಜಗಳ ಎಲ್ಲ ಅದರಾಗೇ ಐತಿ. ಆದರೆ ಹಾಜರಿ ಹಾಳೆ ಕೆಲಸದ ಜಾಗದಲ್ಲೇ ಇರಬೇಕು, ಸಂಜೆ ಎಲ್ಲರೆದುರು ಹೆಸರು ಕೂಗಬೇಕು. ಫೋಟೊಗೂ ಹಾಳೆಗೂ ತಕರಾರು ಬಂದರೆ ಹಾಳೆಯ ಮಾತು ನಡೀಬೇಕು. ಮಾಸ್ತರರೇ, ಕಾಲೇಜು ಹುಡುಗರೇ, ಈ ಬ್ಯಾಸಗಿಗೆ ನೋಟ್‌ಬುಕ್ ಹಿಡಕೊಂಡು ಕೆರಿ ದಂಡಿಗೆ ಬರ್ರಿ. ಯಾರು ಬಂದಾರ, ಎಷ್ಟು ಅಗದಾರ, ಬರೀರಿ. ಆ ಪುಸ್ತಕ ಇಟ್ಟುಕೊಂಡು ರಾಯಚೂರಿನ ಜಿಲ್ಲಾ ಪಂಚಾಯಿತಿ ಮುಂದೆ ಕೂಡೋಣ.