ಸೊನ್ನೆ ನೋಡಿದರಷ್ಟೇ ಸಾಲದು

ಪಂಪ್‌ಸೆಟ್ಟಿಗೆ ಡೀಸೆಲ್ ಕೊಳ್ಳುವಾಗ ಬಂಕಿನ ಅಂಕಿ ಸೊನ್ನೆಯಲ್ಲಿದ್ದರೆ ನಾವು ಸಮಾಧಾನಪಡುತ್ತೇವೆ. ಅದಷ್ಟೇ ಸಾಲದು. ಅಳತೆಯಂತ್ರದೊಳಗೆ ಹರಿಯುವ ಎಣ್ಣೆ ಪಿಸ್ಟನ್‌ಗಳನ್ನು ತಳ್ಳುತ್ತದೆ. ಅವು ದಂಡವನ್ನು ತಿರುಗಿಸುತ್ತವೆ. ಆ ಸುತ್ತುಗಳನ್ನು ಹಿಂದೆ ಹಲ್ಲುಚಕ್ರಗಳು ಎಣಿಸುತ್ತಿದ್ದವು, ಈಗ ವಿದ್ಯುತ್ ಸಾಧನ ಎಣಿಸುತ್ತದೆ. ಯಂತ್ರ ಎಣಿಸುವುದು ಸುತ್ತನ್ನು, ಎಣ್ಣೆಯನ್ನಲ್ಲ. ಪಿಸ್ಟನ್ ಸವೆದು ಎಣ್ಣೆ ನುಸುಳಿದರೆ ನಷ್ಟ ಬಂಕಿನವರಿಗೆ. ಅದನ್ನು ಸರಿಪಡಿಸುವಾಗ ಹೊಂದಿಕೆ ಅತಿಯಾದರೆ ನಮಗೆ.

ನಿಜ ಹೇಳುವುದು ಸರ್ಕಾರಿ ಮುದ್ರೆಯ 5 ಲೀಟರ್ ಅಳತೆಪಾತ್ರೆ. ಅದರಲ್ಲಿ ಅಳೆದು ತೋರಿಸೆಂದು ಕೇಳುವುದು ಗ್ರಾಹಕರ ಹಕ್ಕು. 25 ಮಿ.ಲೀ.ಗಿಂತ ಹೆಚ್ಚಿನ ವ್ಯತ್ಯಾಸ ಸಲ್ಲದು. ಅಡಿಕೆ ತೂಗುವಾಗ ತಕ್ಕಡಿಯ ಮುಳ್ಳು ನೋಡುವ ನಮಗೆ ಇಲ್ಲೇಕೆ ಸಂಕೋಚ? ಅನುಮಾನವಿದ್ದರೆ ಜಗಳವಾಡದೆ ಅಳೆಸೋಣ. ತಪ್ಪಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡೋಣವೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.